ಮಿಲ್ಲಿನ ಮನೆಯ ಕೈಮಾತು

ನನ್ನ ಕುತ್ತಿಗೆಯಲ್ಲಿ ಗಂಟು ಇದೆ ಎಂದು ಮೊದಲು ಕಂಡುಹಿಡಿದವಳು ಪವಿ. ಪವಿ ಎಂದರೆ ಪವಿತ್ರಾ, ಕಾಸರಗೋಡು ಕಡೆಯ ಪೈವಳಿಕೆಯ ಹತ್ತಿರ ಮಿಲ್ಲು ನಡೆಸುವ ನನ್ನ ಚಿಕ್ಕಮ್ಮನ ಒಬ್ಬಳೇ ಮಗಳು. ಅವಳಾಗ ಪ್ಲಸ್ ವನ್ ಓದುತ್ತಿದ್ದಳು. ನಾನು ಮಂಗಳೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಕಾನೂನು ಓದುತ್ತಿದ್ದೆ. ಚರ್ಚಾಸ್ಪರ್ಧೆಯೊಂದರಲ್ಲಿ ಗೆದ್ದಾಗ ಪೇಪರಿನಲ್ಲಿ ನನ್ನ ಫೋಟೋ ಬಂದಿತ್ತು. ಗದ್ದ ಎತ್ತಿ, ತೋರುಬೆರಳು ಚಾಚಿ, ಎದುರಿನವರ ವಾದವನ್ನು ಮುಗಿಸಿಬಿಡುವ ಭಂಗಿಯಲ್ಲಿ ನಿಂತಿದ್ದೆ. ಅದೇ ಸಂಜೆ ಹಾಸ್ಟೆಲಿಗೆ ಫೋನು ಬಂತು.

"ಅಕ್ಕ, ಪೇಪರ್ ನೋಡಿದೆವು. ಅಜ್ಜಿಗೂ ತೋರಿಸಿದೆ. ನಿಮ್ಮ ಕುತ್ತಿಗೆಯಲ್ಲಿ ಎಂತದು ಅದು, ಉರುಟಾಗಿ?"

"ನೆರಳು."

"ಒಂದೇ ಬದಿಗೆ ಬೀಳ್ತದಾ ನೆರಳು?"

"ಬೆಳಕು ಒಂದೇ ಬದಿಯಿಂದ ಬಂದರೆ ಬೀಳ್ತದೆ. ಸಯನ್ಸ್ ಸರಿಯಾಗಿ ಓದು."

"ಬೆಳಕು ಬಂದ ಬದಿಯಲ್ಲೇ ಉಂಟು ಅಕ್ಕ, ಆ ನೆರಳು."

ಫೋನಿಟ್ಟು ಕನ್ನಡಿಯ ಮುಂದೆ ನಿಂತು ಒಂದು ಗುಟುಕು ನೀರು ಕುಡಿದೆ. ನೆರಳು ನನ್ನ ಗಂಟಲಿನ ಜೊತೆ ಮೇಲೆ ಹೋಗಿ ಕೆಳಗೆ ಬಂತು. ಆ ವರ್ಷ ನಾನು ಸೋತ ಮೊದಲ ವಾದ ಅದು. ತೀರ್ಪು ಕೊಟ್ಟದ್ದು ಬಚ್ಚಲುಮನೆಯ ಕನ್ನಡಿ.

ಸ್ವರ ಕಳೆದುಕೊಂಡ ಕೆಲವರು ಆಮೇಲೆ ನನಗೆ ಸಿಕ್ಕಿದ್ದಾರೆ. ಎಲ್ಲರೂ ಹೇಳುವುದು ಒಂದೇ: ನೋವಿಗಿಂತ ಹೆಚ್ಚು ಕಾಡಿದ್ದು, ಯಾರಿಗೂ ಅದೊಂದು ದೊಡ್ಡ ಸಂಗತಿ ಅನ್ನಿಸದೆ ಇದ್ದದ್ದು. ಅಂಥವರು ಯಾರಾದರೂ ಈ ಪುಟ ತೆರೆದಿದ್ದರೆ, ನನಗೂ ಹಾಗೆಯೇ ಇತ್ತು ಎಂದು ಮೊದಲೇ ಹೇಳಿಬಿಡುತ್ತೇನೆ.

ಅಪ್ಪ ಅಮ್ಮ ಇಬ್ಬರೂ ಮಸ್ಕತ್‌ನಲ್ಲಿದ್ದರು. ಅಪ್ಪನಿಗೆ ಕಂಪೆನಿ ಕೆಲಸ, ಅಮ್ಮ ಅಲ್ಲಿ ನರ್ಸು. ಐದನೇ ಕ್ಲಾಸಿನಿಂದ ನನ್ನದು ಹಾಸ್ಟೆಲೇ. ಹಾಗಾಗಿ ಸೂಜಿ ಹಾಕಿ ಗಂಟಿನ ನೀರು ತೆಗೆಯುವ ಪರೀಕ್ಷೆಗೆ ಆಸ್ಪತ್ರೆಗೆ ನಾನೊಬ್ಬಳೇ ಹೋದೆ. ಕೋಣೆಯ ಹೊರಗಿನ ಬೆಂಚಿನಲ್ಲಿ ಪಕ್ಕದಲ್ಲಿದ್ದ ಹೆಂಗಸು ಕೇಳಿದರು, "ಜೊತೆಗೆ ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

"ಅಯ್ಯೋ ಪಾಪ."

"ಪಾಪ ಎಂತದ್ದು? ನನಗೆ ನಡೀಲಿಕ್ಕೆ ಬರ್ತದೆ."

ಅವರು ನನ್ನ ಮುಖ ನೋಡಿದರು. ಅವರ ಹೆಸರು ಕರೆದಾಗ ತಮ್ಮ ಚೀಲವನ್ನು ನನ್ನ ಮಡಿಲಿಗಿಟ್ಟು ಒಳಗೆ ಹೋದರು. ನನ್ನ ಸರದಿ ಬಂದಾಗ, ಅವರ ಕೆಲಸ ಮುಗಿದಿದ್ದರೂ ಕೂತಿದ್ದು ನನ್ನ ಚೀಲ ಹಿಡಿದುಕೊಂಡರು. ಅವರ ಹೆಸರು ಕೇಳಿಕೊಳ್ಳಲಿಲ್ಲ.

ಗಂಟು ಅನುಮಾನದ್ದು, ಅರ್ಧ ಥೈರಾಯ್ಡ್ ತೆಗೆಯಬೇಕು ಎಂದಾಯಿತು. ಅಮ್ಮ ರಜೆ ಹಾಕಿ ಬಂದಳು. ಸರ್ಜನ್ ಹೇಳಿದರು, "ಅಲ್ಲೇ ಹತ್ತಿರ ಸ್ವರದ ನರ ಹೋಗ್ತದೆ. ಅಪರೂಪಕ್ಕೆ ಅದಕ್ಕೆ ಪೆಟ್ಟಾಗುವುದುಂಟು."

"ಅಪರೂಪ ಅಂದರೆ ಎಷ್ಟು?"

"ನಿಮಗೆ ಆಗದಿದ್ದರೆ ಏನೂ ಇಲ್ಲ. ಆಯಿತೆಂದರೆ ಪೂರ್ತಿ."

ಉತ್ತರ ಚೆನ್ನಾಗಿದೆ ಎಂದು ಮನಸ್ಸಿನಲ್ಲೇ ಮಾರ್ಕು ಕೊಟ್ಟೆ.

ನನಗೆ ಪೂರ್ತಿ ಆಯಿತು. ಆಪರೇಷನ್ ಮುಗಿದು ಎಚ್ಚರವಾದಾಗ "ಅಮ್ಮ" ಎಂದೆ. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಏನೋ ಹೊರಗೆ ಹೋಯಿತು, ಶಬ್ದ ಬರಲಿಲ್ಲ. ಎರಡನೇ ಸಲ ಹೇಳಿದೆ. ಅಮ್ಮ ನರ್ಸಲ್ಲವೇ, ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಹಾಗೆ ಏನೂ ಕಾಣದೆ ಇದ್ದದ್ದನ್ನು ನೋಡಿಯೇ ನನಗೆ ಗೊತ್ತಾಯಿತು.

ಆಮೇಲೆ ಗಂಟಿನ ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ. ಅಮ್ಮ ಗೋಡೆಗೆ ಒರಗಿ ಅತ್ತಳು. ಅಕ್ಕಪಕ್ಕದ ಮಂಚದವರಿಗೆಲ್ಲ ಲಾಡು ಹಂಚಿದಳು. ನೋಡಲಿಕ್ಕೆ ಬಂದವರು ಒಬ್ಬೊಬ್ಬರಾಗಿ ಹೇಳಿದರು: ದೊಡ್ಡದು ತಪ್ಪಿತಲ್ಲ, ಸ್ವರ ಎಂತದ್ದು, ಇವತ್ತಲ್ಲ ನಾಳೆ ಬರ್ತದೆ. ಇದಕ್ಕೆ ನನ್ನಲ್ಲಿ ಉತ್ತರವಿತ್ತು. ದೊಡ್ಡದೊಂದು ತಪ್ಪಿದರೆ ಇನ್ನೊಂದು ಸಣ್ಣದಾಗುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ವೇದಿಕೆಯಾಗಿದ್ದರೆ ಒಂದೇ ಉಸಿರಿಗೆ ಹೇಳಿ ಕೂರುತ್ತಿದ್ದೆ. ಈಗ ಅವರು ತಲೆ ಸವರಿದರು, ನಾನು ಸವರಿಸಿಕೊಂಡೆ. ಬದುಕಿದ್ದಕ್ಕೆ ಸಂತೋಷಪಡಬೇಕಾದ ಮನೆಯಲ್ಲಿ ಸ್ವರಕ್ಕಾಗಿ ಅಳುವವಳು ನಾನೊಬ್ಬಳೇ ಆಗಿದ್ದೆ. ಆ ಅಳುವಿಗೂ ಶಬ್ದವಿರಲಿಲ್ಲ.

ಸ್ವರ ಕೆಲವು ತಿಂಗಳಲ್ಲಿ ಬರಬಹುದು, ಬರದೆಯೂ ಇರಬಹುದು. ಅಲ್ಲಿಯವರೆಗೆ ಮಾತಾಡಬಾರದು, ಪಿಸುಗುಟ್ಟಲೂ ಬಾರದು. ಮಳೆಗಾಲ ಮುಗಿದ ಮೇಲೆ ಗಂಟಲೊಳಗೆ ಕೊಳವೆ ಇಳಿಸಿ ನೋಡುತ್ತಾರೆ. ವಕೀಲಳಾಗಬೇಕೆಂದಿದ್ದ ನನ್ನ ಮುಂದಿನ ಬದುಕೆಲ್ಲ ಆ ಕೊಳವೆಯ ತುದಿಗೆ ಬಂದು ನಿಂತಿತ್ತು. ಅಮ್ಮನ ರಜೆ ಮುಗಿದಿತ್ತು. "ಚಿಕ್ಕಮ್ಮನ ಮನೆಯಲ್ಲಿ ಇರು, ಅಲ್ಲಿ ಅಜ್ಜಿಯೂ ಇದ್ದಾರೆ," ಎಂದು ನನ್ನನ್ನು ಅಲ್ಲಿ ಬಿಟ್ಟು ಹೋದಳು.

ನಾನು ಆ ಮನೆಗೆ ರಜೆಯಲ್ಲಿ ಬಂದು ಎರಡು ದಿನವಿದ್ದು ಹೋಗುವವಳು. ಬೇಕಾದದ್ದು ಶಾಂತಿ, ಸಿಕ್ಕಿದ್ದು ಎಣ್ಣೆ ಮತ್ತು ಹಿಟ್ಟಿನ ಮಿಲ್ಲು. ಮಿಲ್ಲಿನದ್ದೂ ಮನೆಯದ್ದೂ ಒಂದೇ ಗೋಡೆ. ಬೆಳಿಗ್ಗೆ ಚಿಕ್ಕಪ್ಪ ಮೋಟಾರು ಹಾಕಿದರೆಂದರೆ ಅಡುಗೆಮನೆಯ ಲೋಟಗಳು ತಾವಾಗಿಯೇ ಜರುಗುತ್ತಿದ್ದವು. ಕೊಬ್ಬರಿ ಎಣ್ಣೆಯ ವಾಸನೆ ದಿಂಬಿಗೂ ಹತ್ತಿತ್ತು.

ಬಂದ ಮೊದಲ ದಿನಗಳಲ್ಲೇ ಒಂದು ವಿಚಿತ್ರ ಗಮನಿಸಿದೆ. ಈ ಮನೆಯವರು ಕೈಯಲ್ಲಿ ಮಾತಾಡುತ್ತಾರೆ. ಅಡುಗೆಮನೆಯ ಕಿಟಕಿಯಿಂದ ಮಿಲ್ಲು ಕಾಣುತ್ತದೆ. ಚಿಕ್ಕಮ್ಮ ಇಲ್ಲಿಂದ ಹಸ್ತ ಬಟ್ಟಲು ಮಾಡಿ ತೋರಿಸಿದರೆ ಕೊಬ್ಬರಿ. ಹೆಬ್ಬೆರಳಿನಿಂದ ಬೆರಳ ತುದಿಗಳನ್ನು ಉಜ್ಜಿದರೆ ಗೋಧಿ. ಮೂಗು ಹಿಂಡಿದರೆ ಮೆಣಸು. ಹಸ್ತ ಕೆಳಗೆ ಮಾಡಿ ಅಡ್ಡ ಬೀಸಿದರೆ ಇಲ್ಲ, ಆಗುವುದಿಲ್ಲ, ಮುಗಿಯಿತು. ಗಿರಾಕಿಗಳಿಗೂ ಒಂದೊಂದು ಗುರುತು: ಮೀಸೆಯವರು, ಕೊಡೆ ಮರೆಯುವ ಮಾಸ್ಟ್ರು, ಬಂದರೆ ಹೋಗದ ಹೆಂಗಸು. ಆ ಹೆಂಗಸಿಗೆ ಹಸ್ತವನ್ನು ಕೆನ್ನೆಗೆ ಕೊಟ್ಟು ಕೂರುವ ಅಭಿನಯ. ಮನೆಯವರಿಗೂ ಇತ್ತು. ಚಕ್ರ ತಿರುಗಿಸಿದರೆ ಚಿಕ್ಕಪ್ಪ, ಸೊಂಟಕ್ಕೆ ಕೈಯಿಟ್ಟರೆ ಚಿಕ್ಕಮ್ಮ, ಕಿವಿಯ ಹಾಲೆ ಎಳೆದರೆ ಅಜ್ಜಿ, ಭುಜದ ಮೇಲೆ ಎರಡು ಬೆರಳು ಇಳಿಬಿಟ್ಟರೆ ಜಡೆಯ ಪವಿ.

ಮಿಲ್ಲಿನ ಸದ್ದಿನಲ್ಲಿ ಹುಟ್ಟಿದ ಮಾತು ಅದು. ಆದರೆ ಮೋಟಾರು ನಿಂತ ಮೇಲೂ, ಊಟಕ್ಕೆ ಕೂತಾಗಲೂ ನಿಲ್ಲುತ್ತಿರಲಿಲ್ಲ. ಬಾಯಲ್ಲಿ ತುಳು, ಜೊತೆಗೆ ಕೈ. ಅರ್ಧ ವಾಕ್ಯ ಬಾಯಲ್ಲಿ ಹೇಳಿ ಉಳಿದರ್ಧವನ್ನು ಕೈಗೆ ಕೊಟ್ಟು ನಾಲ್ವರೂ ನಗುತ್ತಿದ್ದರು. ನಾನು ಅನ್ನ ಕಲಸುತ್ತಾ ಕೂತಿರುತ್ತಿದ್ದೆ. ನನಗೆ ಮಾತು ಬಾರದು, ಅವರ ಕೈಮಾತು ತಿಳಿಯದು. ಅಮ್ಮನ ಕಡೆಯ ನನ್ನದೇ ಕುಟುಂಬದಲ್ಲಿ ನಾನು ಎರಡು ಸಲ ಹೊರಗಿನವಳಾಗಿದ್ದೆ.

ನನಗೊಂದು ಸ್ಲೇಟು ಕೊಟ್ಟಿದ್ದರು. ಸ್ಲೇಟಿನಲ್ಲಿ ವಾದ ಮಾಡಲು ಆಗುವುದಿಲ್ಲ ಎಂಬುದು ಪ್ರಯತ್ನಿಸಿದ ಮೇಲೆ ತಿಳಿಯಿತು. ಅಜ್ಜಿ ಒಂದು ದಿನ, "ನಿನ್ನ ಸ್ವರ ಬರ್ಲಿ ಅಂತ ದೈವಕ್ಕೆ ಹರಕೆ ಹೇಳಿದ್ದೇನೆ," ಎಂದರು. ನಾನು ಬರೆಯತೊಡಗಿದೆ: ಬಂದರೆ ಹರಕೆಯಿಂದ ಬಂತು ಅನ್ನುತ್ತೀರಿ, ಬರದಿದ್ದರೆ ನನ್ನ ಕರ್ಮ ಅನ್ನುತ್ತೀರಿ, ಹಾಗಿದ್ದ ಮೇಲೆ ಹರಕೆಯನ್ನು ಪರೀಕ್ಷಿಸುವುದು ಹೇಗೆ? ಬರೆದು ತಲೆಯೆತ್ತುವಾಗ ಅಜ್ಜಿ ಬಾಗಿಲ ಬಳಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಬೇರೆ ಸುದ್ದಿಗೆ ಹೋಗಿದ್ದರು. ಅವರಿಗೆ ಓದಲಿಕ್ಕೆ ಬರುತ್ತಿರಲಿಲ್ಲ ಎಂಬುದೂ ಆಗಲೇ ನೆನಪಾಯಿತು. ಸ್ಲೇಟು ಒರೆಸಿದೆ.

ಸಂಜೆ ಮಸ್ಕತ್‌ನಿಂದ ಫೋನು ಬರುತ್ತಿತ್ತು. ರಿಸೀವರನ್ನು ನನ್ನ ಕಿವಿಗೂ ತನ್ನ ಕಿವಿಗೂ ನಡುವೆ ಹಿಡಿದು ಪವಿ ನನ್ನ ಪರವಾಗಿ ಮಾತಾಡುತ್ತಿದ್ದಳು. ನಾನು ಸ್ಲೇಟಿನಲ್ಲಿ ಬರೆಯುವುದು, ಅವಳು ಓದಿ ಹೇಳುವುದು.

ನಾನು ಬರೆದೆ: ನನಗೆ ಇಲ್ಲಿ ಸಾಕಾಗಿದೆ.

"ಅಕ್ಕ ಊಟ ಸರಿಯಾಗಿ ಮಾಡ್ತಾರೆ ದೊಡ್ಡಮ್ಮ," ಎಂದಳು ಪವಿ.

ಹಾಗೆ ಬರೆದದ್ದಲ್ಲ ಎಂದು ಸ್ಲೇಟು ಬಡಿದು ತೋರಿಸಿದೆ.

"ಇಲ್ಲೇ ಇದ್ದಾರೆ, ನಗ್ತಾ ಇದ್ದಾರೆ," ಎಂದಳು.

ಆ ಕೈಮಾತಿನಲ್ಲಿ ಒಂದು ಗುರುತು ನನ್ನನ್ನು ಕಾಡುತ್ತಿತ್ತು. ಗದ್ದ ಎತ್ತಿ, ತೋರುಬೆರಳನ್ನು ಮೂರು ಸಲ ಆಡಿಸುವುದು. ಅದನ್ನು ಮಾಡುವಾಗಲೆಲ್ಲ ಮಾಡಿದವರ ಕಣ್ಣು ಒಂದು ಕ್ಷಣ ನನ್ನ ಕಡೆ ಬಂದು ಹೋಗುತ್ತಿತ್ತು. ಒಂದು ಮಧ್ಯಾಹ್ನ ಪವಿ ಶಾಲೆಯಿಂದ ಬಂದು ಅವಲಕ್ಕಿ ತಿನ್ನುತ್ತಿರುವಾಗ ಅವಳ ಮುಂದೆ ಅದನ್ನು ಮಾಡಿ ತೋರಿಸಿ, ಸ್ಲೇಟಿನಲ್ಲಿ ಬರೆದೆ: ಇದು ನಾನಾ?

ಅವಳ ಬಾಯಿ ನಿಂತಿತು. "ಹಾಂ ಅಕ್ಕ."

ಯಾವಾಗಿನಿಂದ?

"ನೀವು ಸಣ್ಣ ಇರುವಾಗ ಒಮ್ಮೆ ಬಂದಿದ್ದಿರಲ್ಲ. ಕುಲೆ, ಪ್ರೇತ ಎಲ್ಲ ಇಲ್ಲ, ಸತ್ತವರು ಬರುವುದಿಲ್ಲ, ಬರ್ತಾರೆ ಅಂತಾದರೆ ತೋರಿಸಿ ಅಂತ ಅಜ್ಜಿಯ ಹತ್ರ ಲಡಾಯಿ ಮಾಡಿದಿರಿ. ಆಗ ಅಜ್ಜಿ ಇಟ್ಟ ಹೆಸರು."

ಇಷ್ಟು ವರ್ಷ ನಾನು ದೂರದಲ್ಲಿ ಬಹುಮಾನ ಗೆಲ್ಲುತ್ತಿರುವಾಗ ಇಲ್ಲಿ ನಾನೊಂದು ಅಣಕವಾಗಿ ದಿನವೂ ಆಡಿಸಿಕೊಳ್ಳುತ್ತಿದ್ದೆ. ಈಗ ವಾದ ಮಾಡುವ ಸ್ವರವೂ ಹೋಗಿದೆ, ಬೆರಳು ಮಾತ್ರ ಉಳಿದಿದೆ. ಸ್ಲೇಟನ್ನು ಮೇಜಿನ ಮೇಲೆ ಮಗುಚಿಟ್ಟು ಕೋಣೆಗೆ ಹೋದೆ.

ಪವಿ ಹಿಂದೆಯೇ ಬಂದಳು. ಸಮಾಧಾನ ಹೇಳುತ್ತಾಳೆಂದುಕೊಂಡರೆ ಅವಳು ಮಂಚದ ತುದಿಯಲ್ಲಿ ಕೂತು, "ಬೇಕಾದರೆ ಕಲಿಸ್ತೇನೆ. ಅಜ್ಜಿಗೆ ಉತ್ತರ ಕೊಡ್ಲಿಕ್ಕೆ ಸ್ಲೇಟಿಗಿಂತ ಬೇಗ ಆಗ್ತದೆ," ಎಂದಳು.

ಕಲಿತೆ. ಮೊದಲು ಹಠಕ್ಕೆ ಕಲಿತೆ. ಆಮೇಲೆ ರುಚಿ ಹತ್ತಿತು. ಕೈಮಾತು ಕಲಿತಂತೆ ಪವಿಯ ಪರಿಚಯವೂ ಆಗುತ್ತಾ ಹೋಯಿತು. ಫೋನಿನಲ್ಲಿ ಮೆದುವಾಗಿ "ಅಕ್ಕ" ಅನ್ನುವ ಹುಡುಗಿ ಮಿಲ್ಲಿನಲ್ಲಿ ಬೇರೆಯೇ. ತನ್ನಮ್ಮನ ನಡಿಗೆ, ಪಂಚಾಯತು ಮೆಂಬರರ ಕೆಮ್ಮು, ನನ್ನ ಉಪ್ಪಿನಕಾಯಿ ಮುಖ, ಎಲ್ಲವನ್ನೂ ಅಭಿನಯಿಸಿ ಅಜ್ಜಿಯನ್ನು ನಗಿಸುವವಳು ಅವಳೇ. ಅಜ್ಜಿ ನಕ್ಕು ಸಾಕಾಗಿ ಅವಳ ಜಡೆ ಹಿಡಿದು ಎಳೆಯುತ್ತಿದ್ದರು. ಚಿಕ್ಕಮ್ಮನಿಗೆ ತಲೆನೋವು ಬಂದರೆ, ಅದು ಇನ್ನೂ ಹಣೆಗೆ ಏರುವ ಮೊದಲೇ, ಗೊತ್ತಾಗುವುದು ಪವಿಗೆ. ನನಗೆ ಅಸೂಯೆಯಾಗುತ್ತಿತ್ತು. ನನ್ನ ಅಮ್ಮನಿಗೆ ಎಲ್ಲಿ ನೋಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಒಂದು ದಿನ ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಸದ್ದೇ ಇಲ್ಲ. ಕೊಡೆಯ ಮಾಸ್ಟ್ರು ಬಂದು ಚಿಕ್ಕಪ್ಪನ ಹತ್ತಿರ ಎಣ್ಣೆಯ ವಿಷಯ ಮಾತಾಡುತ್ತಿದ್ದರು. ಪವಿ ಮಾಸ್ಟ್ರ ಬೆನ್ನ ಹಿಂದೆ ನಿಂತು, ಅವರು ಹೇಳಿದ್ದನ್ನೆಲ್ಲ ಕೈಯಲ್ಲಿ ಹೇಳುತ್ತಿದ್ದಳು. ಚಿಕ್ಕಪ್ಪ ಮಾಸ್ಟ್ರ ಮುಖ ನೋಡುತ್ತಿದ್ದಂತೆ ಕಂಡರೂ ನೋಡುತ್ತಿದ್ದದ್ದು ಅವರ ಹೆಗಲ ಮೇಲಿನಿಂದ ಪವಿಯ ಕೈಗಳನ್ನು. "ಆಯ್ತು ಮಾಸ್ಟ್ರೆ, ಶನಿವಾರ ಕಳಿಸಿ," ಎಂದು ಸರಿಯಾಗಿ ಉತ್ತರ ಕೊಟ್ಟರು.

ಕೈಮಾತು ಊಟದ ಹೊತ್ತಿಗೂ ನಿಲ್ಲದ್ದು ಯಾಕೆಂದು ಆಗ ತಿಳಿಯಿತು. ಅವರು ಹೋದ ಮೇಲೆ ಪವಿಗೆ ಬರೆದು ತೋರಿಸಿದೆ: ಚಿಕ್ಕಪ್ಪನಿಗೆ ಕಿವಿ ಕೇಳುವುದಿಲ್ಲವಾ?

ಅವಳು ಓದಿ ಮುಗಿಸುವ ಮೊದಲೇ ಅಂಗೈಯಿಂದ ಉಜ್ಜಿಬಿಟ್ಟಳು. "ಹಾಗೆಲ್ಲ ಬರೀಬೇಡ." ಅಷ್ಟು ದಿನ ನನಗೆ "ನೀವು" ಎಂದವಳು ಅಂದು ಮೊದಲ ಬಾರಿಗೆ ಅದನ್ನು ಬಿಟ್ಟಳು. ಸಿಟ್ಟಿನಲ್ಲಿ. ಮತ್ತೆ ಹಿಂದೆ ಹೋಗಲಿಲ್ಲ.

ನಾನು ಪಟ್ಟು ಬಿಡಲಿಲ್ಲ. ಬರೆದೆ: ಡಾಕ್ಟರಿಗೆ ತೋರಿಸಬೇಕು. ಮಿಷನ್ ಸಿಗುತ್ತದೆ.

"ಅಪ್ಪ ಒಪ್ಪುವುದಿಲ್ಲ. ನಮಗೆ ಗೊತ್ತುಂಟು ಅಂತ ಅಪ್ಪನಿಗೆ ಗೊತ್ತಿಲ್ಲ."

ಅದು ಹೇಗೆ ಸಾಧ್ಯ?

"ಸಾಧ್ಯ. ನಾವು ಕೈಯಲ್ಲಿ ಹೇಳುವುದು ಅಭ್ಯಾಸ ಆದ್ದರಿಂದ ಅಂತ ಅಪ್ಪ ಎಣಿಸಿದ್ದಾರೆ. ಹಾಗೆ ಎಣಿಸ್ಲಿ."

ಪ್ಲಸ್ ಟೂ ಆದ ಮೇಲೆ ಪುತ್ತೂರಿಗೆ ಓದಲಿಕ್ಕೆ ಹೋಗುತ್ತೇನೆಂದು ನೀನೇ ಹೇಳಿದ್ದೆ. ಆಗ ಮಾಸ್ಟ್ರ ಹಿಂದೆ ಯಾರು ನಿಲ್ಲುತ್ತಾರೆ? ಇಷ್ಟು ಬರೆಯಲು ಸ್ಲೇಟಿನ ಎರಡೂ ಬದಿ ಬೇಕಾಯಿತು.

ಅವಳು ಸ್ಲೇಟು ತಿರುಗಿಸಿ ಎರಡೂ ಬದಿ ಓದಿದಳು. ಗೆದ್ದೆ ಎಂದುಕೊಂಡು ಕೊನೆಯ ಏಟು ಹಾಕಿದೆ: ಇದು ಪ್ರೀತಿ ಅಲ್ಲ, ಮೋಸ.

"ನಿನ್ನ ಅಮ್ಮನ ಹತ್ರ ಫೋನಿನಲ್ಲಿ ಅಕ್ಕ ನಗ್ತಾ ಇದ್ದಾಳೆ ಅಂತ ದಿನಾ ಹೇಳ್ತೇನಲ್ಲ," ಎಂದಳು ಪವಿ. "ಅದು ಎಂತದು ಮಾರಾಯ್ತಿ? ನೀನು ಅಳುವುದನ್ನು ಹೇಳ್ಬೇಕಿತ್ತಾ? ಹೇಳು, ಇವತ್ತಿನಿಂದ ಹೇಳ್ತೇನೆ."

ಬಳಪ ನನ್ನ ಕೈಯಲ್ಲೇ ಇತ್ತು. ಅವಳ ವಾದದಲ್ಲಿ ಒಂದು ಬಿರುಕು ಇದೆ ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ಅವತ್ತು ಸಂಜೆ ಫೋನು ಬಂದಾಗ ನಾನೇ ಬರೆದುಕೊಟ್ಟೆ: ಚೆನ್ನಾಗಿದ್ದೇನೆ ಅಂತ ಹೇಳು.

ಮೆಣಸಿನ ಸಂಗತಿ ಗೊತ್ತಾದದ್ದು ಅದಾದ ಮೇಲೆ. ಮಿಲ್ಲಿನಲ್ಲಿ ಮೆಣಸು ಪುಡಿ ಮಾಡಿದರೆ ಗಾಳಿಗೆ ಘಾಟು ಏರಿ ಮನೆಯವರೆಲ್ಲ ಕೆಮ್ಮುವುದನ್ನು ಸಣ್ಣವಳಿದ್ದಾಗ ಕಂಡಿದ್ದೆ. ಈ ಸಲ ಬಂದ ಮೇಲೆ ಒಮ್ಮೆಯೂ ಆ ಘಾಟು ಬಂದಿರಲಿಲ್ಲ. ಅದು ನನ್ನ ಗಮನಕ್ಕೂ ಬಂದಿರಲಿಲ್ಲ; ಇಲ್ಲದ ವಾಸನೆಯನ್ನು ಯಾರು ಗಮನಿಸುತ್ತಾರೆ?

ಜಗಲಿಯಲ್ಲಿ ಕೂತಿದ್ದೆ. ಮೋಟಾರು ಓಡುತ್ತಿತ್ತು. ಬಂದರೆ ಹೋಗದ ಆ ಹೆಂಗಸು ತಲೆಯ ಮೇಲಿಂದ ಚೀಲ ಇಳಿಸಿದಳು. ಚೀಲದ ಬಾಯಿಂದ ಒಣಮೆಣಸು ಇಣುಕುತ್ತಿತ್ತು. ಚಿಕ್ಕಪ್ಪ ಒಳಗಿನಿಂದಲೇ ನೋಡಿ ಮೂಗು ಹಿಂಡಿದರು. ಗದ್ದ ಎತ್ತಿ ಬೆರಳು ಆಡಿಸಿದರು. ಹಸ್ತ ಕೆಳಗೆ ಮಾಡಿ ಅಡ್ಡ ಬೀಸಿದರು.

ಮೆಣಸು. ನಾನು. ಇಲ್ಲ.

ಆ ಹೆಂಗಸು ಹಣೆ ಬಡಿದುಕೊಂಡು ಉತ್ತರ ಕೊಟ್ಟಳು. ಅದೂ ಕೈಯಲ್ಲೇ! ಅವಳೂ ಗದ್ದ ಎತ್ತಿದಳು, ಬೆರಳು ಆಡಿಸಿದಳು, ನಂತರ ಅಂಗೈ ಮೇಲೆ ಮಾಡಿ ಎರಡೂ ಕೈ ಅರಳಿಸಿದಳು. ಅವಳಿಗೆ ಯಾವಾಗ ಗುಣ ಆಗುವುದು? ಚಿಕ್ಕಪ್ಪ ಮೇಲೆ ನೋಡಿದರು. ಚೀಲ ಮತ್ತೆ ತಲೆಗೇರಿತು. ಇನ್ನೊಂದು ಮಿಲ್ಲಿಗೆ ಅರ್ಧ ಗಂಟೆಯ ದಾರಿ. ಗೇಟಿನ ಬಳಿ ಅವಳು ನನ್ನನ್ನು ಕಂಡು, "ಬೇಗ ಮಾತಾಡು ಮಗಾ, ನನ್ನ ಕುತ್ತಿಗೆ ಬಿದ್ದು ಹೋಗ್ತದೆ!" ಎಂದು ಕೂಗಿ ಹೋದಳು.

ನಾನು ಹಗಲೆಲ್ಲ ಲೆಕ್ಕ ಹಾಕುತ್ತಿದ್ದದ್ದು ಈ ಮನೆಯಲ್ಲಿ ಅಣಕಕ್ಕೆ ಎಷ್ಟು ಸಲ ಬಂದೆ ಎಂದು. ಆ ಬೆರಳಿನ ನಂತರ ಏನು ಬರುತ್ತಿತ್ತು ಎಂದು ನೋಡಿರಲೇ ಇಲ್ಲ. ಚಿಕ್ಕಮ್ಮ ಅಡುಗೆಮನೆಯಲ್ಲಿ ಬೆರಳು ಆಡಿಸಿ ಗಂಜಿಯ ಪಾತ್ರೆ ತೋರಿಸುತ್ತಿದ್ದದ್ದು, ಅಜ್ಜಿ ಬೆರಳು ಆಡಿಸಿ ಕೆನ್ನೆಗೆ ಅಂಗೈ ಕೊಟ್ಟು, ನಿದ್ದೆ ಮಾಡಿದಳಾ ಎಂದು ಕೇಳುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು.

ಮಳೆ ಮುಗಿದು ಆಸ್ಪತ್ರೆಯ ದಿನ ಬಂತು. ಪವಿಗೆ ಪರೀಕ್ಷೆ, ಚಿಕ್ಕಮ್ಮನಿಗೆ ಜ್ವರ. "ನಾನು ಬರ್ತೇನೆ," ಎಂದರು ಚಿಕ್ಕಪ್ಪ. ಪವಿ ನನ್ನ ಮುಖ ನೋಡಿದಳು, ನಾನು ಅವಳದ್ದು. ಸ್ವರವಿಲ್ಲದವಳು, ಕಿವಿ ಕೇಳದವರು, ಮಂಗಳೂರಿನ ದೊಡ್ಡ ಆಸ್ಪತ್ರೆ. ಬೇಡ ಎನ್ನಲು ಕಾರಣ ಹೇಳಬೇಕಿತ್ತು, ಆ ಕಾರಣವನ್ನೇ ಯಾರೂ ಹೇಳುವ ಹಾಗಿರಲಿಲ್ಲ. ಉಪ್ಪಳದಲ್ಲಿ ಬಸ್ಸು ಬದಲಿಸಿ ಹೊರಟೆವು. ತಲಪಾಡಿ ದಾಟುವವರೆಗೂ ಚಿಕ್ಕಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು.

ಕಿವಿ ಮೂಗು ಗಂಟಲಿನ ವಿಭಾಗದ ಹೊರಗೆ ಕುರ್ಚಿಗಳು ತುಂಬಿದ್ದವು. ಸರದಿ ಇನ್ನೂ ದೂರವಿದೆ ಎಂದುಕೊಂಡೆ. ಹೆಸರು ಕರೆದರೆ ಕೈ ಎತ್ತಿ ಎಂದು ಚಿಕ್ಕಪ್ಪನಿಗೆ ತೋರಿಸಿ ಬಚ್ಚಲಿಗೆ ಹೋದೆ. ಬರುವಾಗ ನನ್ನ ಹೆಸರು ಕರೆದು, ಎರಡನೇ ಸಲವೂ ಕರೆದು, ಮುಂದಿನವರನ್ನು ಒಳಗೆ ಬಿಟ್ಟಾಗಿತ್ತು. ಚಿಕ್ಕಪ್ಪ ಬಾಗಿಲನ್ನೇ ಕಣ್ಣು ಬಡಿಯದೆ ನೋಡುತ್ತಾ, ಕೈ ಎತ್ತಲು ಸಿದ್ಧರಾಗಿ ಕೂತಿದ್ದರು.

ಪಕ್ಕದ ಗಂಡಸು ನನಗೆ, "ನಿಮ್ಮದಾ ಹೆಸರು? ಆಗಲೇ ಕರೆದರು. ಇವರು ಇಲ್ಲೇ ಇದ್ದರಲ್ಲ, ಕೇಳಲಿಲ್ಲವಾ?" ಎಂದರು. ಕಿಟಕಿಯಲ್ಲಿದ್ದ ಸಿಸ್ಟರಿಗೆ ಸ್ಲೇಟು ತೋರಿಸಿದೆ. "ಇನ್ನು ಊಟ ಆದ ಮೇಲೆ," ಎಂದರು ಅವರು.

ಹಿಂದೆ ಬಂದು ಕೂತೆ. ಏನಾಯಿತೆಂದು ಚಿಕ್ಕಪ್ಪನಿಗೆ ನಮ್ಮ ಮುಖಗಳಿಂದಲೇ ಗೊತ್ತಾಗಿತ್ತು. ಆಮೇಲೆ ಕಿವಿ ಮುಟ್ಟಿದರು. ಗಾಳಿಯಲ್ಲಿ ಚಕ್ರ ತಿರುಗಿಸಿದರು, ತಮ್ಮದೇ ಗುರುತು. ಹಸ್ತ ಕೆಳಗೆ ಮಾಡಿ ಅಡ್ಡ ಬೀಸಿದರು.

ಹೆಂಡತಿಗೆ ಹೇಳದ್ದನ್ನು, ಮಗಳಿಗೆ ಹೇಳದ್ದನ್ನು ನನಗೆ ಹೇಳಿದರು. ಯಾರಿಗೂ ಹೇಳಲಾರದವಳು ಎಂದಿರಬೇಕು. ನಾನು ಗಂಟಲು ಮುಟ್ಟಿದೆ. ಗದ್ದ ಎತ್ತಿ ಬೆರಳು ಆಡಿಸಿದೆ. ಹಸ್ತ ಅಡ್ಡ ಬೀಸಿದೆ. ನನ್ನ ಹೆಸರನ್ನು ನಾನೇ ಹೇಳಿಕೊಂಡದ್ದು ಅದೇ ಮೊದಲು. ಅವರು ನನ್ನನ್ನು ನೋಡಿ, ಥಟ್ಟನೆ ನಕ್ಕುಬಿಟ್ಟರು. ತಮ್ಮ ನಗು ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಿರಲಿಲ್ಲ. ಸಾಲು ಸಾಲು ಕುರ್ಚಿಯವರೆಲ್ಲ ತಿರುಗಿ ನೋಡಿದರು. ಅಕ್ಕಪಕ್ಕ ಕೂತ ನಮ್ಮಿಬ್ಬರಿಗೂ ಅಷ್ಟು ಜನರ ನಡುವೆ ಬೇರೆ ಯಾರೂ ಇರಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಒಳಗೆ ಕರೆದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೂಗಿಗೆ ಮರಗಟ್ಟುವ ಔಷಧಿ ಹೊಡೆದು ತೆಳ್ಳಗಿನ ಕೊಳವೆ ಇಳಿಸಿದರು. ಅಲ್ಲಿದ್ದ ಟಿವಿಯಲ್ಲಿ ನನ್ನ ಗಂಟಲು ಕಂಡಿತು. ನನ್ನ ಬಗ್ಗೆ ತೀರ್ಪು ಬರೆದಿಟ್ಟ ಜಾಗವನ್ನು ನಾನೇ ನೋಡುತ್ತಿದ್ದೆ, ಓದಲು ಬರುತ್ತಿರಲಿಲ್ಲ.

"ಎಡದ ಸ್ವರತಂತು ಅಲ್ಲೇ ನಿಂತಿದೆ," ಎಂದರು ಡಾಕ್ಟರು. "ಅದು ಇನ್ನು ಅಲುಗಾಡುವ ಲಕ್ಷಣ ನನಗೆ ಕಾಣುವುದಿಲ್ಲ." ಟಿವಿಯ ಮೇಲೆ ಬೆರಳಿಟ್ಟರು. "ಆದರೆ ಬಲದ್ದು ನೋಡಿ. ನಡುವೆ ನಿಲ್ಲಬೇಕಾದದ್ದು, ಗೆರೆ ದಾಟಿ ಎಡದ್ದು ಇದ್ದಲ್ಲಿಗೆ ಹೋಗಲಿಕ್ಕೆ ಶುರು ಮಾಡಿದೆ. ಸ್ವರ ಬರ್ತದೆ. ಹಳೆಯದಲ್ಲ, ಬೇರೆಯೇ. ಈಗ 'ಈ' ಅನ್ನಿ."

ತಿಂಗಳುಗಟ್ಟಲೆ ಮುಚ್ಚಿಟ್ಟ ಬಾಯಿ ತೆರೆದು 'ಈ' ಎಂದೆ. ಮಿಲ್ಲಿನ ಬೆಲ್ಟು ಚಕ್ರಕ್ಕೆ ಹತ್ತುವಾಗಿನ ಹಾಗೆ, ಒರಟಾಗಿ, ಎಡವಿ, ಶಬ್ದವೊಂದು ಬಂತು. ನನ್ನದು. ತಿರುಗಿ ನೋಡಿದೆ. ಆ ಕೋಣೆಯಲ್ಲಿ ನನ್ನವರೆಂದು ಇದ್ದವರು ಒಬ್ಬರೇ, ಅವರಿಗೆ ಅದು ಕೇಳಿರಲಿಲ್ಲ. ಅವರು ಡಾಕ್ಟರ ಮುಖ ನೋಡುತ್ತಿದ್ದರು, ನನ್ನ ಸ್ವರ ಬಂತೋ ಇಲ್ಲವೋ ಎಂದು ಅಲ್ಲಿ ಹುಡುಕುತ್ತಾ.

"ಬಂತಾ?" ಎಂದು ಕೇಳಿದರು.

ಬಂತು ಎಂದು ಕೈಯಲ್ಲಿ ಹೇಳಿದೆ. ಅವರು ಕಣ್ಣೊರೆಸಿಕೊಂಡರು. ಆಮೇಲೆ ಸ್ಲೇಟು ತೆಗೆದೆ, ಅವರತ್ತ ನೋಡಿ ಕಿವಿ ಮುಟ್ಟಿ ಕೈ ಅರಳಿಸಿದೆ: ಡಾಕ್ಟರ ಹತ್ತಿರ ಕೇಳಲಾ? ಅವರು ತಲೆಯಾಡಿಸಿದರು. ಇವರ ಕಿವಿಯನ್ನೂ ಒಮ್ಮೆ ನೋಡಿ ಎಂದು ಬರೆದು ಡಾಕ್ಟರ ಮುಂದಿಟ್ಟೆ.

ಮನೆ ಮುಟ್ಟುವಾಗ ಚಿಕ್ಕಮ್ಮ ಜ್ವರದಲ್ಲೇ ಮಿಲ್ಲು ನಡೆಸುತ್ತಿದ್ದಳು. ಪವಿ ಗೇಟಿಗೆ ಓಡಿ ಬಂದಳು. "ಪವಿ," ಎಂದೆ. ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಮತ್ತೆ ಅಂದೆ. ಇಲ್ಲ. ಕೊನೆಗೆ ಭುಜದ ಮೇಲೆ ಎರಡು ಬೆರಳು ಇಳಿಬಿಟ್ಟು, ಗಂಟಲ ಬಳಿಯಿಂದ ಹೊರಕ್ಕೆ ಕೈ ಬೀಸಿದೆ. ಅವಳು ತಿರುಗಿ ಅಜ್ಜಿಗೆ ಹೇಳಿದಳು. ಅಜ್ಜಿ ಚಿಕ್ಕಮ್ಮನಿಗೆ ಹೇಳಿ, ಮೋಟಾರು ನಿಲ್ಲಿಸು ಎಂದರು. ಕೊಬ್ಬರಿ ಅರ್ಧದಲ್ಲಿರುವಾಗ ಯಾರಾದರೂ ಆ ಮಿಲ್ಲು ನಿಲ್ಲಿಸಿದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಎಲ್ಲ ನಿಶ್ಶಬ್ದವಾಯಿತು. "ಅಜ್ಜಿ," ಎಂದೆ.

"ಇದೆಂತ, ಗಂಡಸಿನ ಸ್ವರ!" ಎಂದರು ಅಜ್ಜಿ. ಮರುಕ್ಷಣ, "ನೋಡಿದಿಯಾ ನನ್ನ ಹರಕೆ?"

"ಅರ್ಧ ಸ್ವರ ಬಂದದ್ದು," ಎಂದೆ. "ಹರಕೆಯೂ ಅರ್ಧ ಸಲ್ಲಿಸಿದರೆ ಸಾಕಾ?"

ಅಜ್ಜಿ ಗದ್ದ ಎತ್ತಿ ಬೆರಳು ಆಡಿಸಿದರು.

ಚಿಕ್ಕಪ್ಪನಿಗೆ ಕಿವಿಯ ಮಿಷನ್ ಬಂತು. ಮದುವೆ ಮುಂಜಿಗೆ ಹೋಗುವಾಗ ಹಾಕುತ್ತಾರೆ. ಉಳಿದಂತೆ ಅದು ಸಕ್ಕರೆ ಡಬ್ಬಿಯ ಪಕ್ಕದಲ್ಲಿರುತ್ತದೆ. ಪವಿ ಪುತ್ತೂರಿಗೆ ಹೋಗಿ ಡಿಗ್ರಿ ಮಾಡಿದಳು. ಮುಗಿಸಿ ವಾಪಸು ಬಂದು ಮಿಲ್ಲಿಗೆ ನಿಂತಳು. ಅದು ಅವಳ ಆಯ್ಕೆಯಾ ಅಥವಾ ಅಪ್ಪನ ಕಿವಿಯಾ ಎಂದು ನಾವು ಈಗಲೂ ಜಗಳವಾಡುತ್ತೇವೆ. ಅಜ್ಜಿ ತೀರಿಹೋದರು, ನನ್ನ ಹೆಸರನ್ನು ಬದಲಿಸದೆ.

ನಾನೀಗ ಕಾಸರಗೋಡಿನಲ್ಲಿ ವಕೀಲೆ. ಬೆಳಿಗ್ಗೆ ಕೋರ್ಟಿನಲ್ಲಿ ಆಡುವಷ್ಟು ಸ್ವರ ಇರುತ್ತದೆ. ಮಧ್ಯಾಹ್ನದ ಮೇಲೆ ಒಡೆಯುತ್ತದೆ, ಸಂಜೆ ಖಾಲಿಯಾಗುತ್ತದೆ. ಜಡ್ಜರು ಮುಂದೆ ಬಾಗಿ ಕೇಳುತ್ತಾರೆ. ಸಂಜೆ ಅಂಗಡಿಯಲ್ಲಿ ಬೇಕಾದದ್ದನ್ನು ಬೆರಳಲ್ಲಿ ತೋರಿಸುತ್ತೇನೆ, ಅಹಂಕಾರ ಎಂದುಕೊಳ್ಳುವವರಿದ್ದಾರೆ. ನಾನೊಬ್ಬಳೇ ಇರುವ ಮನೆಯಲ್ಲಿ ಆಮೇಲೆ ಮಾತಿಲ್ಲ. ಬದುಕಿದೆಯಲ್ಲ, ಅಷ್ಟು ಸಾಕಲ್ಲ ಎಂದು ಈಗಲೂ ಯಾರಾದರೂ ಹೇಳುತ್ತಾರೆ. ಸಾಕಾಗುವುದಿಲ್ಲ ಎಂದು ಬೆಳಿಗ್ಗೆಯಾದರೆ ಹೇಳುತ್ತೇನೆ.

ಮೊನ್ನೆ ಹಾಗೆಯೇ ಸ್ವರ ಮುಗಿದು ಕೂತಿದ್ದಾಗ ಮೊಬೈಲಿನಲ್ಲಿ ಪವಿಯ ವಿಡಿಯೋ ಕರೆ ಬಂತು. ಅವಳ ಹಿಂದೆ ಮಿಲ್ಲು ಓಡುತ್ತಿತ್ತು, ಕೂಗಿದರೂ ಕೇಳುವುದಿಲ್ಲ. ಅವಳು ಕೂಗಲೂ ಇಲ್ಲ. ಮೊಬೈಲನ್ನು ಯಾವುದೋ ಡಬ್ಬಿಗೆ ಒರಗಿಸಿಟ್ಟು, ಹಿಟ್ಟು ಮೆತ್ತಿದ ಕೈ ಎತ್ತಿ, ಗದ್ದ ಮೇಲೆ ಮಾಡಿ, ಬೆರಳನ್ನು ಮೂರು ಸಲ ಆಡಿಸಿದಳು. ಹಿಂದಿನಿಂದ ಚಿಕ್ಕಪ್ಪ ಬಂದು ಇಣುಕಿ ಅವರೂ ಆಡಿಸಿದರು. ನಂತರ ಇಬ್ಬರೂ ಅಂಗೈ ಅರಳಿಸಿ ಕಾದರು.

ನಾನು ಮೊಬೈಲನ್ನು ಗೋಡೆಗೆ ಒರಗಿಸಿ ಎರಡೂ ಕೈ ಬಿಡುವು ಮಾಡಿಕೊಂಡೆ.